ರಾತ್ರಿಯ ಲೆಕ್ಕ ಬೆಳಿಗ್ಗೆಗೆ ಚುಕ್ತಾ ಆಗುವುದಿಲ್ಲ

ನಮ್ಮ ಸಾಹಿತ್ಯ ಕೂಟದ ಕಾರ್ಯದರ್ಶಿಯವರು, "ಈ ಸಲದ ಸಂಚಿಕೆಗೆ ನೀನೂ ಏನಾದರೂ ಬರೆದು ಕೊಡು ಮಾರಾಯ, ಕವನ ಮಾತ್ರ ಬೇಡ, ಕವನ ರಾಶಿ ಬಂದು ಬಿದ್ದಿದೆ" ಅಂದರು. ನಾನು ಕಾಮರ್ಸ್ ಓದುವವನು. ಏಳನೆಯವರೆಗೆ ಮಹಾನಗರಪಾಲಿಕೆಯ ಕನ್ನಡ ಶಾಲೆ, ಆಮೇಲೆ ಕನ್ನಡ ರಾತ್ರಿಶಾಲೆ. ಕನ್ನಡದಲ್ಲಿ ಬರೆಯುವ ಆಸೆ ಉಂಟು, ಆದರೆ ಕಥೆ ಕಟ್ಟಲು ಬಾರದು. ನನಗೆ ಬರುವುದು ಲೆಕ್ಕ ಒಂದೇ. ಆದ್ದರಿಂದ ಒಂದು ಲೆಕ್ಕವನ್ನೇ ಬರೆಯುತ್ತಿದ್ದೇನೆ. ಈ ಲೆಕ್ಕ ನನಗೆ ಮೊದಲೇ ಗೊತ್ತಿದ್ದರೆ ಒಬ್ಬ ಹುಡುಗನ ಭುಜದ ಮೂಳೆ ಮುರಿಯುತ್ತಿರಲಿಲ್ಲ.

ನಡೆದದ್ದು ಇಷ್ಟು. ನನ್ನ ದೊಡ್ಡಮ್ಮನ ಮಗಳ ಮದುವೆ, ಚೆಂಬೂರಿನಲ್ಲಿ. ನಮ್ಮ ಕಡೆಯ ಮದುವೆ ಅಂದರೆ ಹಿಂದಿನ ರಾತ್ರಿಯ ಮೆಹಂದಿ ಹೇಗಿರುತ್ತದೆ ಎಂದು ನಿಮಗೆಲ್ಲ ಗೊತ್ತಿದೆ. ಹೆಣ್ಣುಮಕ್ಕಳು ಕೈಗೆ ಮೆಹಂದಿ ಹಚ್ಚಿಸಿಕೊಳ್ಳುವುದು ಒಂದು ಮೂಲೆಯಲ್ಲಿ. ಉಳಿದ ಜಾಗದಲ್ಲೆಲ್ಲ ಡೀಜೆ, ಕೋಳಿಸುಕ್ಕ, ಮತ್ತು ಗ್ಲಾಸು. ಮದುಮಗಳ ಸ್ವಂತ ಅಣ್ಣ, ನಾನೂ ಅಣ್ಣ ಎಂದೇ ಕರೆಯುವವನು, ಹತ್ತೂವರೆಗೆ ಶುರು ಮಾಡಿದ. ಎಲ್ಲರನ್ನೂ ಉಪಚರಿಸುವ ಗಡಿಬಿಡಿ ಬೇರೆ. ಒಂದೂವರೆಗೆ ನಿಲ್ಲಿಸಿದ. ಅಷ್ಟರಲ್ಲಿ ನಾಲ್ಕು ಲಾರ್ಜ್ ಪೆಗ್ ಆಗಿತ್ತು. ಯಾರೊಡನೆಯೂ ಜಗಳವಿಲ್ಲ, ತೂರಾಟವಿಲ್ಲ. ಊಟ ಮಾಡಿ ಮಲಗಿದ.

ಬೆಳಿಗ್ಗೆ ಮತ್ಸ್ಯಗಂಧ ರೈಲಿನಲ್ಲಿ ಊರಿನಿಂದ ಅಜ್ಜಿ ಮತ್ತು ಮಾವ ಬರುವವರಿದ್ದರು. ಅವರನ್ನು ಕುರ್ಲಾ ಟರ್ಮಿನಸ್‌ನಲ್ಲಿ ಇಳಿಸಿಕೊಂಡು ಟ್ಯಾಕ್ಸಿ ಹತ್ತಿಸಬೇಕಿತ್ತು. ಅಣ್ಣ ಮುಕ್ಕಾಲು ಗಂಟೆ ಮೊದಲೇ ಎದ್ದು, ತಣ್ಣೀರು ಸ್ನಾನ ಮಾಡಿ, ಕಾಫಿ ಕುಡಿದು, ಸ್ಕೂಟರ್ ಕೀ ತೆಗೆದುಕೊಂಡ. ನಾನು ಹಿಂದೆ ಕುಳಿತೆ. ಕುಳಿತಾಗ ನನಗೆ ವಾಸನೆ ಬಂತು. "ಅಣ್ಣ, ರಿಕ್ಷಾದಲ್ಲಿ ಹೋಗುವನಾ?" ಅಂತ ಒಂದು ಸಲ ಕೇಳಿದೆ. "ಎಂತಕ್ಕೆ? ರಾತ್ರಿ ಕುಡಿದದ್ದಲ್ಲವಾ ಮಾರಾಯ. ನಾಲ್ಕು ಗಂಟೆ ನಿದ್ರೆ ಆಗಿದೆ. ಎಲ್ಲ ಇಳಿದಿದೆ" ಅಂದ. ಎರಡನೇ ಸಲ ಕೇಳಲಿಲ್ಲ. ಅಣ್ಣನಿಗೆ ಎದುರು ಮಾತಾಡುವುದು ಹೇಗೆ? ಅದೂ ಮದುವೆಮನೆಯಲ್ಲಿ.

ಆರು ಹತ್ತಕ್ಕೆ, ತಿಲಕ್ ನಗರದ ಒಂದು ತಿರುವಿನಲ್ಲಿ, ಸೈಕಲ್ ಮೇಲೆ ಹಾಲು ಹಾಕುವ ಹುಡುಗ ಅಡ್ಡ ಬಂದ. ಅಡ್ಡ ಬಂದ ಎನ್ನುವುದೂ ತಪ್ಪು, ಅವನು ತನ್ನ ದಾರಿಯಲ್ಲಿ ತಾನು ಬರುತ್ತಿದ್ದ. ಹಿಂದೆ ಕುಳಿತ ನನಗೇ ಅವನು ಕಂಡಿದ್ದ. ಅಣ್ಣನಿಗೂ ಕಂಡಿದ್ದನಂತೆ. ಆದರೆ ಬ್ರೇಕು ಬಿದ್ದದ್ದು ತಡವಾಗಿ. ಹುಡುಗನ ಭುಜದ ಮೂಳೆ ಮುರಿಯಿತು, ನನ್ನ ಬಲಗೈ ಮಣಿಕಟ್ಟು ಮುರಿಯಿತು. ಅಣ್ಣನಿಗೆ ತರಚುಗಾಯ. ಪೊಲೀಸರು ಬಂದು ಏಳು ಗಂಟೆಗೆ ಊದಿಸಿದಾಗ ಯಂತ್ರ ತೋರಿಸಿದ ಅಂಕಿ 48. ಕಾನೂನಿನ ಮಿತಿ 30. "ಸಾಹೇಬ್, ನಿನ್ನೆ ರಾತ್ರಿ ಕುಡಿದದ್ದು" ಅಂತ ಅಣ್ಣ ಪುನಃ ಪುನಃ ಹೇಳುತ್ತಿದ್ದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಯಂತ್ರವೂ ಸುಳ್ಳು ಹೇಳುತ್ತಿರಲಿಲ್ಲ. ಇದು ಹೇಗೆ?

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಕುಳಿತಾಗ ಈ ಪ್ರಶ್ನೆಯ ಬೆನ್ನು ಹತ್ತಿದೆ. ತಿಳಿದುಕೊಂಡದ್ದನ್ನು ಕೆಳಗೆ ಕೊಡುತ್ತಿದ್ದೇನೆ.

ಗ್ಲಾಸಿನಲ್ಲಿ ಎಷ್ಟಿರುತ್ತದೆ?

ಮೊದಲು ಜಮಾ ಬದಿ. ನಮ್ಮ ತಂದೆಯವರು ಒಂದು ಪರ್ಮಿಟ್ ರೂಮಿನಲ್ಲಿ ಕ್ಯಾಪ್ಟನ್. ಆ ಸಂಬಳದಲ್ಲೇ ನನ್ನ ಕಾಲೇಜು ಫೀ ಸಂದಾಯವಾಗುವುದು. ಆದ್ದರಿಂದ ಕುಡಿಯುವವರನ್ನು ಬೈಯುವ ಅಧಿಕಾರ ನನಗಿಲ್ಲ, ಬೈಯಲು ಈ ಲೇಖನ ಬರೆಯುತ್ತಲೂ ಇಲ್ಲ. ಪೆಗ್ಗಿನ ಅಳತೆ ಹೇಳಿಕೊಟ್ಟದ್ದೇ ತಂದೆಯವರು. ಸ್ಮಾಲ್ ಅಂದರೆ 30 ಮಿಲಿ ಲೀಟರ್, ಲಾರ್ಜ್ ಅಂದರೆ 60. ನಮ್ಮ ದೇಶದ ವಿಸ್ಕಿ, ರಮ್ಮುಗಳ ಬಾಟಲಿಯ ಮೇಲೆ ಸಾಮಾನ್ಯವಾಗಿ 42.8 ಶೇಕಡಾ ಎಂದು ಬರೆದಿರುತ್ತದೆ. ಅಂದರೆ 60 ಮಿಲಿಯಲ್ಲಿ ಸುಮಾರು 25.7 ಮಿಲಿ ಶುದ್ಧ ಮದ್ಯಸಾರ. ಮದ್ಯಸಾರ ನೀರಿಗಿಂತ ಹಗುರ, ಒಂದು ಮಿಲಿಗೆ 0.79 ಗ್ರಾಂ. ಗುಣಿಸಿದರೆ ಒಂದು ಲಾರ್ಜ್ ಪೆಗ್ಗಿಗೆ ಸುಮಾರು 20 ಗ್ರಾಂ.

"ನಾನು ಬರೀ ಬಿಯರ್" ಎನ್ನುವವರಿಗೂ ಒಂದು ಲೆಕ್ಕವಿದೆ. 650 ಮಿಲಿಯ ದೊಡ್ಡ ಬಾಟಲಿ, 8 ಶೇಕಡಾದ ಸ್ಟ್ರಾಂಗ್ ಬಿಯರ್ ಎಂದಿಟ್ಟುಕೊಳ್ಳಿ. ಅದರಲ್ಲಿ 52 ಮಿಲಿ ಮದ್ಯಸಾರ, ತೂಕ 41 ಗ್ರಾಂ. ಅಂದರೆ ಒಂದು ಬಾಟಲಿ ಸ್ಟ್ರಾಂಗ್ ಬಿಯರ್ ಎರಡು ಲಾರ್ಜ್ ಪೆಗ್ಗಿಗೆ ಸಮ! ಇದನ್ನು ತಂದೆಯವರಿಗೆ ತೋರಿಸಿದಾಗ ಅವರಿಗೇ ಆಶ್ಚರ್ಯವಾಯಿತು.

ರಕ್ತದಲ್ಲಿ ಎಷ್ಟಾಗುತ್ತದೆ?

ಮದ್ಯಸಾರವನ್ನು ಅನ್ನದ ಹಾಗೆ ಅರಗಿಸಬೇಕಾಗಿಲ್ಲ. ಸ್ವಲ್ಪ ಜಠರದಿಂದ, ಹೆಚ್ಚಿನದು ಸಣ್ಣಕರುಳಿನಿಂದ ನೇರ ರಕ್ತಕ್ಕೆ ಸೇರುತ್ತದೆ. ಹೊಟ್ಟೆ ತುಂಬಿದ್ದರೆ ಸೇರುವುದು ನಿಧಾನವಾಗುತ್ತದೆ, ಆದರೆ ಸೇರದೆ ಇರುವುದಿಲ್ಲ. ಆಮೇಲೆ ಮೈಯಲ್ಲಿ ನೀರಿರುವ ಕಡೆಗೆಲ್ಲ ಹರಡುತ್ತದೆ. ಸ್ವೀಡನ್ನಿನ ಎರಿಕ್ ವಿಡ್ಮಾರ್ಕ್ ಎಂಬ ವಿಜ್ಞಾನಿ ಕಳೆದ ಶತಮಾನದ ಮೊದಲ ಭಾಗದಲ್ಲಿಯೇ ಇದಕ್ಕೊಂದು ಸರಳ ಸೂತ್ರ ಕೊಟ್ಟ. ಕುಡಿದ ಮದ್ಯಸಾರದ ತೂಕವನ್ನು ದೇಹದ ತೂಕದ ಒಂದು ಪಾಲಿನಿಂದ ಭಾಗಿಸಬೇಕು. ಗಂಡಸರಿಗೆ ಆ ಪಾಲು ಸುಮಾರು 0.68, ಹೆಂಗಸರಿಗೆ ಸುಮಾರು 0.55. ಅಷ್ಟೇ ತೂಕದ ಹೆಂಗಸು ಅಷ್ಟೇ ಕುಡಿದರೂ ರಕ್ತದಲ್ಲಿ ಹೆಚ್ಚು ಏರುವುದು ಇದರಿಂದಲೇ.

ನಮ್ಮ ಅಣ್ಣನ ತೂಕ 70 ಕಿಲೋ. 70ನ್ನು 0.68ರಿಂದ ಗುಣಿಸಿದರೆ 47.6. ನಾಲ್ಕು ಲಾರ್ಜ್ ಪೆಗ್ಗಿನ 81 ಗ್ರಾಮನ್ನು 47.6ರಿಂದ ಭಾಗಿಸಿದರೆ ಕಿಲೋಗೆ 1.7 ಗ್ರಾಂ. ಕಾನೂನಿನ ಭಾಷೆಗೆ ತಿರುಗಿಸಿದರೆ 100 ಮಿಲಿ ರಕ್ತಕ್ಕೆ ಹೆಚ್ಚು ಕಡಿಮೆ 170 ಮಿಲಿಗ್ರಾಂ.

ಖರ್ಚು ಬದಿ: ಸ್ಟ್ರೈಟ್ ಲೈನ್ ಪದ್ಧತಿ

ಇನ್ನು ಇಳಿಯುವ ವಿಚಾರ. ಎಲ್ಲರೂ ತಪ್ಪುವುದು ಇಲ್ಲಿಯೇ.

ಕಾಮರ್ಸ್ ಮಿತ್ರರಿಗೆ ಸವಕಳಿಯ ಎರಡು ಪದ್ಧತಿಗಳು ಗೊತ್ತಿವೆ. ಒಂದು ರಿಟನ್ ಡೌನ್ ವ್ಯಾಲ್ಯೂ, ಬಾಕಿ ಎಷ್ಟಿದೆಯೋ ಅದರ ಮೇಲೆ ಶೇಕಡಾವಾರು ಕಡಿತ. ಬಾಕಿ ಹೆಚ್ಚಿದ್ದರೆ ಕಡಿತವೂ ಹೆಚ್ಚು. ಇನ್ನೊಂದು ಸ್ಟ್ರೈಟ್ ಲೈನ್, ಬಾಕಿ ಎಷ್ಟೇ ಇರಲಿ ಪ್ರತಿವರ್ಷ ಒಂದೇ ಕಂತು. ನಾವು ನುಂಗುವ ಹೆಚ್ಚಿನ ಔಷಧಿಗಳು ಮೊದಲ ಪದ್ಧತಿಯಲ್ಲಿ ಮೈಯಿಂದ ಇಳಿಯುತ್ತವೆ. ಮದ್ಯಸಾರ ಮಾತ್ರ ಬಹುಮಟ್ಟಿಗೆ ಎರಡನೆಯ ಪದ್ಧತಿಯಲ್ಲಿ! ಅದನ್ನು ಒಡೆಯುವ ಕೆಲಸ ಪಿತ್ತಜನಕಾಂಗದ್ದು, ಅಂದರೆ ಲಿವರಿನದು. ಅಲ್ಲಿರುವ ಕಿಣ್ವ ಒಂದು ಹೊತ್ತಿಗೆ ಇಷ್ಟೇ ಮಾಡಬಲ್ಲುದು. ಬ್ಯಾಂಕಿನಲ್ಲಿ ಒಂದೇ ಕೌಂಟರ್ ಇದ್ದ ಹಾಗೆ. ಹೊರಗೆ ಹತ್ತು ಮಂದಿ ನಿಂತರೂ ನೂರು ಮಂದಿ ನಿಂತರೂ ಕ್ಲಾರ್ಕನ ಕೈ ಓಡುವುದು ಅಷ್ಟೇ.

ಆ ಕಂತು ಎಷ್ಟು? ಸರಾಸರಿ ಗಂಟೆಗೆ 15 ಮಿಲಿಗ್ರಾಂ. ಕೆಲವರಿಗೆ 10, ಕೆಲವರಿಗೆ 20. ಈಗ ಅಣ್ಣನ ಖಾತೆ ಬಿಡಿಸೋಣ.

ರಾತ್ರಿ 10.30ಕ್ಕೆ ಆರಂಭ. ಒಟ್ಟು ಬಾಕಿ 170.
ಬೆಳಿಗ್ಗೆ 6.10ಕ್ಕೆ, ಅಂದರೆ 7 ಗಂಟೆ 40 ನಿಮಿಷದ ಮೇಲೆ, ಕಳೆದದ್ದು 115. ಉಳಿದದ್ದು 55.
7 ಗಂಟೆಗೆ ಕಳೆದದ್ದು 127. ಉಳಿದದ್ದು ಸುಮಾರು 43.
ಮಿತಿಯ 30ಕ್ಕೆ ಇಳಿಯುವುದು 7.50ಕ್ಕೆ.
ಸೊನ್ನೆಯಾಗುವುದು 9.50ಕ್ಕೆ.

ಪೊಲೀಸರ ಯಂತ್ರ ಏಳು ಗಂಟೆಗೆ 48 ತೋರಿಸಿತ್ತು. ನನ್ನ ಲೆಕ್ಕ 43 ಅನ್ನುತ್ತದೆ. ಐದರ ವ್ಯತ್ಯಾಸ. ಅಕ್ಕನ ಧಾರೆಯ ಮುಹೂರ್ತ ಇದ್ದದ್ದು ಹತ್ತು ಗಂಟೆಗೆ. ಅಂದರೆ ಹಿಂದಿನ ರಾತ್ರಿಯ ಗ್ಲಾಸು ಅಣ್ಣನ ರಕ್ತದಿಂದ ಪೂರ್ತಿ ಹೋಗುವುದು ಧಾರೆ ಎರೆಯುವ ಹೊತ್ತಿಗೆ! ನಿಧಾನವಾಗಿ ಇಳಿಯುವ ಮೈಯಾಗಿದ್ದರೆ, ಗಂಟೆಗೆ 10ರಂತೆ, ಮಿತಿಗೆ ಬರಲು ಮಧ್ಯಾಹ್ನ 12.30 ಆಗುತ್ತಿತ್ತು, ಊಟದ ಎಲೆ ಹಾಕುವ ಸಮಯ. ಸೊನ್ನೆಯಾಗಲು 3.30.

ಒಂದು ಎಚ್ಚರಿಕೆ. ಈ ಲೆಕ್ಕ ಅರ್ಥ ಮಾಡಿಕೊಳ್ಳಲು ಮಾತ್ರ. "ನನ್ನದು 7.50ಕ್ಕೆ ಇಳಿಯುತ್ತದೆ, 8ಕ್ಕೆ ಗಾಡಿ ಎತ್ತಬಹುದು" ಅಂತ ಯಾರೂ ಹೊರಡಬಾರದು. ನಿಮ್ಮ ಮೈ ಹತ್ತರದ್ದೋ ಇಪ್ಪತ್ತರದ್ದೋ ಎಂದು ನಿಮಗೆ ಗೊತ್ತಿರುವುದಿಲ್ಲ. ಮನೆಯಲ್ಲಿ ಸುರಿದ ಪೆಗ್ಗು 60 ಇರುತ್ತದೆ ಎಂಬ ಭರವಸೆಯೂ ಇಲ್ಲ.

ಕಾಫಿ, ಲಿಂಬೆ, ತಣ್ಣೀರು

ಪರ್ಮಿಟ್ ರೂಮಿನಿಂದ ಹೊರಡುವ ಮುಂಚೆ ಕೆಲವರು "ಕ್ಯಾಪ್ಟನ್, ಒಂದು ಲೈಮ್ ಸೋಡಾ, ಗಾಡಿ ಓಡಿಸಬೇಕು" ಅನ್ನುತ್ತಾರಂತೆ. ಲಿಂಬೆಹಣ್ಣಿಗೂ ಲಿವರಿನ ಕೌಂಟರಿಗೂ ಸಂಬಂಧವಿಲ್ಲ. ಕಾಫಿ ಕಣ್ಣು ತೆರೆಸುತ್ತದೆ, ಆದರೆ ರಕ್ತದಲ್ಲಿರುವ ಒಂದು ಮಿಲಿಗ್ರಾಮನ್ನೂ ಕಳೆಯುವುದಿಲ್ಲ. ತಣ್ಣೀರು ಸ್ನಾನ, ಗಂಜಿ, ಮಜ್ಜಿಗೆ, ವಾಂತಿ ಎಲ್ಲಕ್ಕೂ ಇದೇ ಉತ್ತರ. ರಕ್ತ ಸೇರಿದ್ದು ವಾಂತಿಯಲ್ಲಿ ಹೊರಗೆ ಬರುವುದಿಲ್ಲ. ಏಲಕ್ಕಿ, ಪಾನ್, ಪೆಪ್ಪರ್‌ಮಿಂಟು ಬಾಯಿಯ ವಾಸನೆ ಮುಚ್ಚಬಹುದು. ಯಂತ್ರ ಅಳೆಯುವುದು ಶ್ವಾಸಕೋಶದ ಆಳದಿಂದ ಬರುವ ಗಾಳಿಯನ್ನು. ರಕ್ತದಿಂದ ಆ ಗಾಳಿಗೆ ಮದ್ಯಸಾರ ಒಂದು ಗೊತ್ತಾದ ಪ್ರಮಾಣದಲ್ಲಿ ದಾಟುತ್ತದೆ, ಸುಮಾರು 2100 ಮಿಲಿ ಉಸಿರಿನಲ್ಲಿರುವುದು 1 ಮಿಲಿ ರಕ್ತದಲ್ಲಿರುವಷ್ಟು.

ನಿದ್ರೆಯೂ ಬೇಗ ಇಳಿಸುವುದಿಲ್ಲ. ನಿದ್ರೆಯಲ್ಲಿ ಇಳಿಯುವುದು ಗಂಟೆಗಳು ಕಳೆದದ್ದರಿಂದ. ಎಚ್ಚರವಿದ್ದರೂ ಅಷ್ಟೇ ಇಳಿಯುತ್ತಿತ್ತು. ಆದರೆ ಎದ್ದ ಕೂಡಲೇ ರಾತ್ರಿಯ ಅಮಲಿಗೆ ಹೋಲಿಸಿ "ಈಗ ಹಗುರ" ಅನ್ನಿಸುತ್ತದೆ. 170ರಿಂದ 55ಕ್ಕೆ ಇಳಿದವನಿಗೆ 55 ಸೊನ್ನೆಯ ಹಾಗೆ ಕಾಣುತ್ತದೆ. ರಾತ್ರಿಯ ಕುಡುಕನಿಗೆ ತಾನು ಕುಡಿದಿದ್ದೇನೆ ಎಂಬುದಾದರೂ ಗೊತ್ತಿರುತ್ತದೆ. ಬೆಳಗಿನವನಿಗೆ ಅದೂ ಇಲ್ಲ.

ಇನ್ನೂ ಒಂದು ಮಾತು. ರಕ್ತದಲ್ಲಿ ಸೊನ್ನೆಯಾದ ಮೇಲೂ ತಲೆನೋವು, ಬಾಯಾರಿಕೆ, ಮಂಕು ಉಳಿಯುತ್ತದಲ್ಲ, ಅದೂ ಗಾಡಿ ಓಡಿಸುವವನಿಗೆ ಅಪಾಯವೇ. ಮದ್ಯಸಾರ ನಿದ್ರೆಯನ್ನು ಬೇಗ ತರುತ್ತದೆ, ಆದರೆ ರಾತ್ರಿಯ ಎರಡನೆಯ ಅರ್ಧದಲ್ಲಿ ನಿದ್ರೆಯನ್ನು ಒಡೆಯುತ್ತದೆ. ನಾಲ್ಕು ಗಂಟೆ ಮಲಗಿದವನಿಗೆ ನಾಲ್ಕು ಗಂಟೆಯ ನಿದ್ರೆ ಸಿಕ್ಕಿರುವುದಿಲ್ಲ.

ಅರ್ಧ ಸೆಕೆಂಡು

ಮಿತಿ 30 ಯಾಕೆ, ತೂರಾಡದವನು ಓಡಿಸಿದರೇನು ಎಂದು ಕೇಳಬಹುದು. ಮದ್ಯಸಾರ ಮೊದಲು ಹಿಡಿಯುವುದು ಕಾಲನ್ನಲ್ಲ, ಮಿದುಳನ್ನು. ತೂರಾಟ ಬರುವುದು ಆಮೇಲೆ. ಅದಕ್ಕೂ ಮೊದಲೇ ಎರಡು ಕಡೆ ಏಕಕಾಲಕ್ಕೆ ಗಮನ ಇಡುವ ಶಕ್ತಿ, ಚಲಿಸುವ ವಸ್ತುವನ್ನು ಕಣ್ಣಿನಲ್ಲಿ ಹಿಂಬಾಲಿಸುವ ಶಕ್ತಿ, ದೂರದ ಅಂದಾಜು ಕುಂದುತ್ತವೆ. ಎಲ್ಲಕ್ಕಿಂತ ಮೊದಲು ಕುಂದುವುದು ತನ್ನ ಬಗ್ಗೆ ತನಗಿರುವ ತೀರ್ಪು.

ಗಂಟೆಗೆ 40 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 11 ಮೀಟರ್. ಕಂಡದ್ದಕ್ಕೂ ಬ್ರೇಕು ಒತ್ತಿದ್ದಕ್ಕೂ ನಡುವೆ ಅರ್ಧ ಸೆಕೆಂಡು ಹೆಚ್ಚಾದರೆ ಗಾಡಿ ಐದೂವರೆ ಮೀಟರ್ ಮುಂದೆ ಹೋಗಿರುತ್ತದೆ. ತಿಲಕ್ ನಗರದ ತಿರುವಿನಲ್ಲಿ ನಮಗೆ ಬೇಕಾಗಿದ್ದದ್ದು ಎರಡೇ ಮೀಟರ್.

ನಮ್ಮ ಮುಂಬಯಿಯಲ್ಲಿ

2006ರ ನವೆಂಬರ್ 12ರಂದು ಬೆಳಗಿನ ಜಾವ ಸುಮಾರು ನಾಲ್ಕು ಗಂಟೆಗೆ ಬಾಂದ್ರಾದ ಕಾರ್ಟರ್ ರೋಡಿನಲ್ಲಿ ಒಂದು ಕಾರು ಫುಟ್‌ಪಾತ್ ಹತ್ತಿತು. ಅಲ್ಲಿ ಮಲಗಿದ್ದವರು ರಸ್ತೆ ದುರಸ್ತಿಗೆ ಬಂದ ಕೂಲಿಯವರು. ಏಳು ಮಂದಿ ಸತ್ತರು, ಎಂಟು ಮಂದಿಗೆ ಗಾಯ. ಚಾಲಕನ ರಕ್ತದಲ್ಲಿ ಸಿಕ್ಕಿದ್ದು 0.112 ಶೇಕಡಾ, ಅಂದರೆ 112 ಮಿಲಿಗ್ರಾಂ. ಕೆಳಗಿನ ಕೋರ್ಟು ಕೊಟ್ಟದ್ದು ಆರು ತಿಂಗಳ ಶಿಕ್ಷೆ. 2007ರಲ್ಲಿ ಹೈಕೋರ್ಟು, ಇದು ಬರೀ ಅಜಾಗರೂಕತೆಯಲ್ಲ, ಕೊಲೆಯಲ್ಲದ ನರಹತ್ಯೆ ಎಂದು ಮೂರು ವರ್ಷಕ್ಕೆ ಏರಿಸಿತು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಮುಂಬಯಿ ಟ್ರಾಫಿಕ್ ಪೊಲೀಸರು ನಾಕಾಬಂದಿ ಹಾಕಿ ಊದಿಸುವ ಕಾರ್ಯಾಚರಣೆಯನ್ನು ಬಿಗಿಯಾಗಿ ಆರಂಭಿಸಿದ್ದು 2007ರಲ್ಲಿ.

2024ರ ಜುಲೈ 7ರ ಭಾನುವಾರ, ಬೆಳಿಗ್ಗೆ ಸುಮಾರು ಐದೂವರೆಗೆ, ವರಳಿಯಲ್ಲಿ ಮೀನು ಕೊಂಡು ಸ್ಕೂಟರಿನಲ್ಲಿ ಮರಳುತ್ತಿದ್ದ ಕೋಳಿವಾಡದ ದಂಪತಿಗೆ ಕಾರು ಬಡಿದು ಹೆಂಡತಿ ತೀರಿಕೊಂಡರು. ಆರೋಪಿ ಹಿಂದಿನ ರಾತ್ರಿ ಬಾರಿನಲ್ಲಿದ್ದ ಎಂಬುದು ಪೊಲೀಸರ ವಾದ. ಅವನು ಸಿಕ್ಕಿದ್ದು ಎರಡು ದಿನದ ಮೇಲೆ. ಸ್ಟ್ರೈಟ್ ಲೈನ್ ಲೆಕ್ಕ ತಿಳಿದವರಿಗೆ ಗೊತ್ತು, ಎರಡು ದಿನದ ಮೇಲೆ ರಕ್ತ ಯಾವ ಸಾಕ್ಷಿಯನ್ನೂ ಹೇಳಲಾರದು. ಯಾರದು ಎಷ್ಟು ತಪ್ಪು ಎನ್ನುವುದನ್ನು ಹೇಳಬೇಕಾದದ್ದು ನ್ಯಾಯಾಲಯ. ನಾನು ಹೇಳಹೊರಟದ್ದು ಹೊತ್ತಿನ ವಿಷಯ. ಬೆಳಗಿನ ನಾಲ್ಕು, ಐದೂವರೆ, ಆರು ಹತ್ತು. ಈ ಹೊತ್ತಿನಲ್ಲಿ ಮುಂಬಯಿಯ ರಸ್ತೆಯಲ್ಲಿ ಯಾರಿರುತ್ತಾರೆ? ಮೀನಿನವರು, ಹಾಲಿನವರು, ಪೇಪರಿನವರು, ಕಸ ಗುಡಿಸುವವರು, ಫುಟ್‌ಪಾತಿನಲ್ಲಿ ಮಲಗಿದವರು. ನಮ್ಮ ಹೋಟೆಲುಗಳಿಗೆ ಇಡ್ಲಿಹಿಟ್ಟು ಇಳಿಸುವ ಹುಡುಗರು. ರಾತ್ರಿ ಕುಡಿದವರ ಬಾಕಿಯನ್ನು ಬೆಳಿಗ್ಗೆ ಬೇಗ ಏಳುವ ಬಡವರು ತೀರಿಸುತ್ತಿದ್ದಾರೆ.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮು 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಮೀರಬಾರದು ಅನ್ನುತ್ತದೆ. ಗಾಡಿ ಓಡಿಸುವುದು ಮಾತ್ರವಲ್ಲ, ಓಡಿಸಲು ಯತ್ನಿಸುವುದೂ ಅಪರಾಧ. 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲಕ್ಕೆ ಆರು ತಿಂಗಳವರೆಗೆ ಸಜೆ ಇಲ್ಲವೇ ಹತ್ತು ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ. ಎರಡನೆಯ ಸಲಕ್ಕೆ ಎರಡು ವರ್ಷ, ಹದಿನೈದು ಸಾವಿರ. "ನಿನ್ನೆ ಕುಡಿದದ್ದು" ಎನ್ನುವವರಿಗೆ ಬೇರೆ ಕಲಮು ಇಲ್ಲ. ಕಾನೂನು ಕೇಳುವುದು ಯಾವಾಗ ಕುಡಿದೆ ಎಂದಲ್ಲ, ಈಗ ಎಷ್ಟಿದೆ ಎಂದು. ಗಾಡಿಯ ವಿಮಾ ಪಾಲಿಸಿಯಲ್ಲೂ ಅಮಲಿನಲ್ಲಿ ಓಡಿಸಿದರೆ ಸ್ವಂತ ಗಾಡಿಯ ನಷ್ಟ ಕೊಡುವುದಿಲ್ಲ ಎಂಬ ಷರತ್ತು ಇರುತ್ತದೆ.

188ನೆಯ ಕಲಮನ್ನು ನಾನು ಎರಡು ಸಲ ಓದಿದೆ. ಈ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವನಿಗೂ ಅದೇ ಶಿಕ್ಷೆ ಅನ್ನುತ್ತದೆ ಅದು. ಹಿಂದೆ ಕುಳಿತವನೆಲ್ಲ ಅಪರಾಧಿ ಎಂದು ಅದರ ಅರ್ಥವಲ್ಲ, ನನ್ನನ್ನು ಯಾರೂ ಏನೂ ಕೇಳಲಿಲ್ಲ. ಆದರೂ ಓದಿದಾಗ ಮುಖ ಕೆಂಪಾಯಿತು.

ಇನ್ನೊಂದು ವಿಷಯ ನಮ್ಮ ವಯಸ್ಸಿನವರಿಗೆ. ಮಹಾರಾಷ್ಟ್ರದಲ್ಲಿ ಮೈಲ್ಡ್ ಬಿಯರಿಗೆ 21, ವಿಸ್ಕಿ ಮುಂತಾದವಕ್ಕೆ 25 ವರ್ಷ ತುಂಬಿರಬೇಕು. ನಾನು ಇಪ್ಪತ್ತರವನು. ಈ ಪತ್ರಿಕೆ ಓದುವ ಹೆಚ್ಚಿನವರಿಗೆ ಲೆಕ್ಕ ಸೊನ್ನೆಯಿಂದ ಸೊನ್ನೆಗೇ ಇರಬೇಕು. ಆದರೆ ನಾವು ಹಿಂದೆ ಕೂರುತ್ತೇವೆ. ನಮ್ಮ ಅಣ್ಣಂದಿರು, ಮಾವಂದಿರು ಮುಂದೆ ಕೂರುತ್ತಾರೆ.

ಹಾಗಾದರೆ ಏನು ಮಾಡುವುದು?

ಬೆಳಿಗ್ಗೆ ಆರು ಗಂಟೆಗೆ ವಾದ ಮಾಡಿ ಪ್ರಯೋಜನವಿಲ್ಲ. ನಿರ್ಧಾರ ಹಿಂದಿನ ಸಂಜೆ, ಮೊದಲ ಗ್ಲಾಸಿಗೆ ಮುಂಚೆ ಆಗಬೇಕು. ನಾಳೆ ಬೆಳಿಗ್ಗೆ ಸ್ಟೇಷನಿಗೆ ಯಾರು, ದಾದರಿಗೆ ಹೂವಿಗೆ ಯಾರು, ಹಾಲಿಗೆ ಸಾಮಾನು ಯಾರು ಎಂದು ಮದುವೆಮನೆಯಲ್ಲಿ ಪಟ್ಟಿ ಮಾಡುತ್ತೇವಲ್ಲ, ಆ ಪಟ್ಟಿಯಲ್ಲಿರುವವನು ಆ ರಾತ್ರಿ ಗ್ಲಾಸು ಮುಟ್ಟಬಾರದು. ಕುಡಿದವನ ಕೀ ಮನೆಯ ಹಿರಿಯ ಹೆಂಗಸಿನ ಸೆರಗಿನಲ್ಲಿರಲಿ, ಮಧ್ಯಾಹ್ನದವರೆಗೆ. ನಮ್ಮದು ಮುಂಬಯಿ. ಬೆಳಗಿನ ನಾಲ್ಕರ ಹೊತ್ತಿಗೆ ಲೋಕಲ್ ಶುರುವಾಗುತ್ತದೆ. ರಿಕ್ಷಾ, ಟ್ಯಾಕ್ಸಿ ರಾತ್ರಿಯಿಡೀ ಇರುತ್ತವೆ. ಚೆಂಬೂರಿನಿಂದ ಕುರ್ಲಾ ಟರ್ಮಿನಸ್‌ಗೆ ಎಷ್ಟು ದೊಡ್ಡ ಬಾಡಿಗೆ?

ಅಕ್ಕನ ಧಾರೆಗೆ ಅವಳ ಅಣ್ಣ ಇರಲಿಲ್ಲ, ಪೊಲೀಸ್ ಠಾಣೆಯಲ್ಲಿದ್ದ. ದೊಡ್ಡಮ್ಮ ಯಾರು ಕೇಳಿದರೂ "ಇಲ್ಲೇ ಇದ್ದಾನೆ, ಅಡುಗೆಯವರ ಹತ್ತಿರ" ಅನ್ನುತ್ತಿದ್ದರು. ಅಜ್ಜಿ ಮತ್ತು ಮಾವ ಸ್ಟೇಷನಿನಲ್ಲಿ ಒಂದು ಗಂಟೆ ಕಾದು ತಾವೇ ಟ್ಯಾಕ್ಸಿ ಹಿಡಿದು ಬಂದರು. ಬರಲಿಕ್ಕೆ ಅವರಿಗೆ ನಾವು ಬೇಕಾಗಿಯೇ ಇರಲಿಲ್ಲ.

ಹಾಲಿನ ಹುಡುಗನನ್ನು ನಾನು ಮತ್ತು ಅಣ್ಣ ಮೂರು ಸಲ ನೋಡಿ ಬಂದೆವು. ನನ್ನದೇ ವಯಸ್ಸು ಅವನಿಗೆ. ಆಸ್ಪತ್ರೆಯ ಖರ್ಚು ಅಣ್ಣ ಕೊಟ್ಟ. ಆದರೆ ಆರು ವಾರ ಸೈಕಲ್ ತುಳಿಯಲಾಗದೆ ಅವನು ಹಾಲು ಹಾಕುತ್ತಿದ್ದ ಲೈನು ಬೇರೆಯವನ ಕೈಗೆ ಹೋಯಿತು. ಅದನ್ನು ವಾಪಸು ಕೊಡಿಸಲು ನಮ್ಮಿಂದಾಗಲಿಲ್ಲ. ಕೊನೆಯ ಸಲ ಹೋದಾಗ ಅವನು ಇಷ್ಟೇ ಕೇಳಿದ: "ನೀನು ಹಿಂದೆ ಕೂತಿದ್ದಿಯಲ್ಲ, ನಿನಗೆ ಗೊತ್ತಿತ್ತಾ?" ಗೊತ್ತಿತ್ತು ಅಂದೆ.

ಅಣ್ಣ ಈಗ ರಾತ್ರಿ ಕುಡಿದರೆ ಮರುದಿನ ಸ್ಕೂಟರ್ ತೆಗೆಯುವುದಿಲ್ಲ. ನಾನೂ ಕಲಿತದ್ದು ಒಂದು ಉಂಟು. ಇನ್ನು ಮುಂದೆ ವಾಸನೆ ಬಂದರೆ ಎರಡನೇ ಸಲವೂ ಕೇಳುತ್ತೇನೆ, ಮೂರನೇ ಸಲವೂ ಕೇಳುತ್ತೇನೆ, ಹಿರಿಯರಾದರೂ ಸರಿ. ನೀವೂ ಕೇಳಿ. ಅಧಿಕಪ್ರಸಂಗಿ ಅಂತ ಬೈಸಿಕೊಂಡರೆ ಬೈಸಿಕೊಳ್ಳೋಣ.